ಹೋದ ಗದ್ದುಗೆ ಮರಳುವುದು ಹೇಗೆ?

ರಷ್ಯಾದಲ್ಲಿ ರೊಮಾನೊಫ್ ಮನೆತನಕ್ಕೆ ಮತ್ತೆ ಪಟ್ಟ ಕಟ್ಟಬೇಕೇ ಎಂಬ ವಾದ ಸೋವಿಯತ್ ಒಕ್ಕೂಟ ಒಡೆದ ಕಾಲದಿಂದ ಆಗಾಗ ತಲೆ ಎತ್ತುತ್ತಲೇ ಇದೆ. 2008ರಲ್ಲಿ ಅರಸೊತ್ತಿಗೆ ಮುಗಿಸಿದ ನೇಪಾಳದಲ್ಲೂ ದೊರೆಯನ್ನು ಕರೆತನ್ನಿ ಎಂದು 2025ರಲ್ಲಿ ಕಠ್ಮಂಡುವಿನ ಬೀದಿಗೆ ಜನ ಇಳಿದರು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ಓದುಗರಿಗೆ ಇದು ದೂರದ ಮಾತು ಅನ್ನಿಸಬೇಕಿಲ್ಲ. ಹೋದ ಗದ್ದುಗೆಗೆ ವಾರಸುದಾರನೊಬ್ಬ ಎದ್ದು ನಿಂತದ್ದು, ಅವನ ಹಿಂದೆ ರೈತರು ಸೇರಿದ್ದು, ಅದರಿಂದ ಇನ್ನೊಬ್ಬ ದೊರೆಯ ಅಧಿಕಾರ ಹೋದದ್ದು, ಐವತ್ತು ವರ್ಷದ ಮೇಲೆ ಅದು ವಾಪಸು ಬಂದದ್ದು, ಎಲ್ಲವನ್ನೂ ನಮ್ಮ ಸೀಮೆ ಕಂಡಿದೆ.

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ 1830ರಲ್ಲಿ ರೈತರ ಕೂಟ ಸೇರಿತು. ಆಗ ಮೈಸೂರನ್ನು ಆಳುತ್ತಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅಮಲ್ದಾರರು ಇಂತಿಷ್ಟು ಕಂದಾಯ ತಂದೇ ತರುತ್ತೇವೆಂದು ಬರೆದುಕೊಟ್ಟು ಅಧಿಕಾರ ವಹಿಸಿಕೊಳ್ಳುವ ಶರ್ತಿನ ಪದ್ಧತಿ ನಡೆಯುತ್ತಿತ್ತು. ಬರೆದುಕೊಟ್ಟ ಮೊತ್ತ ಹುಟ್ಟದಿದ್ದರೆ ಅದನ್ನು ರೈತನ ಮನೆಯಿಂದಲೇ ಹಿಂಡಬೇಕು. ಹೀಗೆ ಬೇಸತ್ತಿದ್ದ ಜನರ ಮುಂದೆ ಬೂದಿ ಬಸವಪ್ಪ ಬಂದ. ಅವನ ನಿಜ ಹೆಸರು ಸಾದರ ಮಲ್ಲ, ಸಾಮಾನ್ಯ ರೈತ ಮನೆಯವನು. 1763ರಲ್ಲಿ ಹೈದರಾಲಿಯ ಕೈಗೆ ಹೋದ ಬಿದನೂರಿನ, ಅಂದರೆ ನಗರದ, ಕೆಳದಿ ಸಂಸ್ಥಾನಕ್ಕೆ ತಾನೇ ಹಕ್ಕುದಾರ ಎಂದು ಸಾರಿದ. ಹಳೆಯ ಅರಸರ ಮುದ್ರೆಗಳು ಅವನಲ್ಲಿದ್ದವು. ನಗರದ ಖಾವಂದ ಎಂದು ಹೆಸರು ಬರೆದಿದ್ದ ರಹದಾರಿ ಪತ್ರವೂ ಇತ್ತು. ತರೀಕೆರೆ ಪಾಳೆಯಗಾರ ರಂಗಪ್ಪ ನಾಯಕ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ದಂಗೆಗೆ ಸೇರಿದ. ಹಿಂದೆ ಇದೇ ಬಸವಾಪಟ್ಟಣದಿಂದ, ಆಮೇಲೆ ಸಂತೆಬೆನ್ನೂರಿನಿಂದ ಆಳಿದ ನಾಯಕರ ವಂಶ ಅವನದು.

ಮುದ್ರೆ ನೋಡಿ ಜನ ನಂಬಿದರು ಎಂದುಕೊಂಡರೆ ಅರ್ಧವಷ್ಟೇ ತಿಳಿದಂತೆ. ಬಸವಪ್ಪ ಕೊಟ್ಟ ಮಾತು ಹೀಗಿತ್ತು: ಕಂದಾಯದ ಹಳೆ ಬಾಕಿ ಪೂರ್ತಿ ಮಾಫಿ, ಇನ್ನು ಮುಂದೆ ಒಂದು ವರಹ ಕಟ್ಟುತ್ತಿದ್ದವರು ಒಂದು ರೂಪಾಯಿ ಕಟ್ಟಿದರೆ ಸಾಕು. ವರಹಕ್ಕೆ ಸುಮಾರು ಮೂರು ರೂಪಾಯಿ ಬೆಲೆ ಇದ್ದ ಕಾಲ. ಮೂರರಲ್ಲಿ ಎರಡು ಪಾಲು ಕಂದಾಯ ಇಳಿಸುತ್ತೇನೆಂದವನ ವಂಶಾವಳಿಯನ್ನು ಯಾವ ರೈತ ಕೆದಕಿ ನೋಡಿಯಾನು? ಹೋದ ಮನೆತನ ಮತ್ತೆ ಬರಬೇಕು ಎಂಬ ಕೂಗು ಎಲ್ಲಿ ಕೇಳಿದರೂ ನಾನು ಮೊದಲು ಹುಡುಕುವುದು ಈ ಕಂದಾಯದ ಲೆಕ್ಕವನ್ನೇ. ಈಗಿನ ಆಡಳಿತದ ಮೇಲಿನ ಸಿಟ್ಟು ಅಲ್ಲಿ ಹಳೆಯ ಹೆಸರಿನಲ್ಲಿ ಮಾತಾಡುತ್ತಿರುತ್ತದೆ. ಆ ಸಿಟ್ಟಿಗೆ ಕಾರಣ ಇದ್ದೇ ಇರುತ್ತದೆ. ಅದನ್ನು ಹಗುರವಾಗಿ ಕಾಣಬಾರದು.

ದಂಗೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಅಡಗಿಸಿತು. ಬಸವಪ್ಪನಿಗೆ ಕೆಳದಿಯ ಗದ್ದುಗೆ ಸಿಗಲಿಲ್ಲ. ಆದರೆ ಆಡಳಿತ ಕೆಟ್ಟಿದೆ ಎಂದು ಹೇಳಿ ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಮೈಸೂರನ್ನೇ ತನ್ನ ಕೈಗೆ ತೆಗೆದುಕೊಂಡ.

ಮುಮ್ಮಡಿಯವರ ಗದ್ದುಗೆಯಾದರೂ ಹೇಗೆ ಬಂದದ್ದು? 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಸಾಗಿಸಿದ ಕಂಪನಿ, ಹಳೆಯ ಒಡೆಯರ ಮನೆಯ ಸುಮಾರು ಐದು ವರ್ಷದ ಹುಡುಗನಿಗೆ ಜೂನ್ 30ರಂದು ಪಟ್ಟ ಕಟ್ಟಿತು. ಹುಡುಗನ ಹಕ್ಕು ಸುಳ್ಳಾಗಿರಲಿಲ್ಲ. ಆದರೆ ಹಕ್ಕಿದೆ ಎಂಬುದಕ್ಕಷ್ಟೇ ಪಟ್ಟ ಸಿಗಲಿಲ್ಲ. ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ ಕಟ್ಟುವ ಒಪ್ಪಂದವೂ ಜೊತೆಗೇ ಬಂತು. ಹಿಂದೆ ಹೇಳಿದ ಶರ್ತಿನ ಬಿಗಿಯನ್ನು ಯೋಚಿಸುವಾಗ ಈ ಹೊರೆಯನ್ನೂ ನೆನೆಯಬೇಕು.

ಗದ್ದುಗೆ ಮರಳಿಸುವ ಕೆಲಸ ಎರಡನೆಯ ಸಲ ನಡೆದದ್ದು ಕಾಗದದ ಮೇಲೆ. ಪಟ್ಟಕ್ಕೆ ಗಂಡುಮಗನಿಲ್ಲದ ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತಕವನ್ನು ಒಪ್ಪಬೇಕೋ, ಸಂಸ್ಥಾನವನ್ನು ನುಂಗಬೇಕೋ ಎಂಬ ಚರ್ಚೆ ಲಂಡನ್ನಿನ ಸಂಸತ್ತಿನವರೆಗೆ ಹೋಯಿತು. 1867ರಲ್ಲಿ ತೀರ್ಮಾನ ದತ್ತುಪುತ್ರನ ಪರವಾಗಿ ಆಯಿತು. 1881ರ ಮಾರ್ಚ್ 25ರಂದು ಅಧಿಕಾರ ಕೈಸೇರಿತು, ಆದರೆ ಷರತ್ತುಗಳ ಸಮೇತ. ಗವರ್ನರ್ ಜನರಲ್ ಒಪ್ಪದೆ ಮುಂದಿನ ಯಾವ ಉತ್ತರಾಧಿಕಾರವೂ ಸಿಂಧುವಲ್ಲ ಎಂಬುದು ಅದರಲ್ಲೊಂದು. ಅದೇ ವರ್ಷ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಕಳೆದದ್ದು ಹಾಗೆಯೇ ವಾಪಸು ಬರುವುದಿಲ್ಲ. ಕೊಡುವವನು ಯಾರೋ ಗದ್ದುಗೆಯ ಅಳತೆಯೂ ಅವನದೇ.

ಇಂದು ಅದನ್ನು ಕೊಡಬಲ್ಲವರು ಯಾರು? ಭಾರತದ ಮಟ್ಟಿಗೆ ದಾರಿ ಒಂದೊಂದೇ ಮುಚ್ಚಿಕೊಂಡು ಬಂದಿದೆ. ಜಯಚಾಮರಾಜ ಒಡೆಯರು 1947ರ ಆಗಸ್ಟ್‌ನಲ್ಲಿ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಜನಪ್ರತಿನಿಧಿಗಳ ಸರ್ಕಾರ ಮಾತ್ರ ಸಹಿಯಿಂದ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಹೂಡಿ ಜನ ಜೈಲು ತುಂಬಿದ ಮೇಲೆಯೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅಧಿಕಾರಕ್ಕೆ ಬಂದದ್ದು. 1949ರ ನವೆಂಬರ್ 25ರ ಘೋಷಣೆಯಿಂದ ಮೈಸೂರು ಭಾರತದ ಸಂವಿಧಾನವನ್ನು ಒಪ್ಪಿತು. ದೊರೆ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಉಳಿದಿತ್ತು. 1970ರಲ್ಲಿ ರಾಷ್ಟ್ರಪತಿಯ ಆದೇಶದಿಂದ ರಾಜರ ಮಾನ್ಯತೆ ರದ್ದಾದಾಗ ಸುಪ್ರೀಂ ಕೋರ್ಟು ಆದೇಶವನ್ನು ತಳ್ಳಿಹಾಕಿತು. ಮರುವರ್ಷ ಸಂಸತ್ತು ಸಂವಿಧಾನವನ್ನೇ ತಿದ್ದಿತು. 26ನೇ ತಿದ್ದುಪಡಿ ರಾಜಧನವನ್ನೂ ರಾಜ ಎಂಬ ಮಾನ್ಯತೆಯನ್ನೂ ಒಟ್ಟಿಗೆ ಕೊನೆಗೊಳಿಸಿತು.

ಹಾಗಿದ್ದರೆ ಇನ್ನೊಂದು ತಿದ್ದುಪಡಿ ತಂದು ಮರಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ರಾಜಧನದಂಥ ಒಂದು ಭತ್ಯೆಯ ವಿಷಯವಾದರೆ ವಾದ ಮಾಡಬಹುದು. ಆಳುವ ಅಧಿಕಾರದ ಮಾತಾದರೆ ಆಗದು. 1973ರ ಕೇಶವಾನಂದ ಭಾರತಿ ತೀರ್ಪಿನ ಪ್ರಕಾರ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಎಷ್ಟೇ ಬಹುಮತವಿದ್ದರೂ ಕೆಡಿಸುವಂತಿಲ್ಲ. ಗಣರಾಜ್ಯ ವ್ಯವಸ್ಥೆ ಆ ಮೂಲ ಸ್ವರೂಪದಲ್ಲಿ ಸೇರಿದೆ.

ರಷ್ಯಾದ ಬೀಗವೂ ಇದೇ ಜಾತಿಯದು. ಅಲ್ಲಿನ 1993ರ ಸಂವಿಧಾನದ ಮೊದಲನೇ ವಿಧಿಯೇ ದೇಶವನ್ನು ಗಣರಾಜ್ಯ ಎನ್ನುತ್ತದೆ. ಆ ಅಧ್ಯಾಯವನ್ನು ಸಂಸತ್ತು ಬದಲಿಸುವಂತಿಲ್ಲ. ಪ್ರತ್ಯೇಕ ಸಂವಿಧಾನ ಸಭೆಯೇ ಸೇರಬೇಕು. ವಾರಸುದಾರರು ಯಾರೆಂಬ ಜಗಳ ಬೇರೆ ಇದೆ. ಮಾರಿಯಾ ವ್ಲಾದಿಮಿರೊವ್ನಾ ತಾವೇ ಮನೆತನದ ಯಜಮಾನಿ ಎನ್ನುತ್ತಾರೆ, ವಂಶದ ಉಳಿದ ಹಲವರು ಒಪ್ಪುವುದಿಲ್ಲ. 1917ರ ಮಾರ್ಚ್‌ನಲ್ಲಿ ಎರಡನೇ ನಿಕೊಲಾಯ್ ಪಟ್ಟ ಬಿಟ್ಟಾಗ ಅವನ ತಮ್ಮ ಮಿಖಾಯಿಲ್, ಜನರು ಆರಿಸಿದ ಸಂವಿಧಾನ ಸಭೆ ಕೊಟ್ಟರೆ ಮಾತ್ರ ಅಧಿಕಾರ ವಹಿಸಿಕೊಳ್ಳುತ್ತೇನೆ ಎಂದಿದ್ದ. ರೊಮಾನೊಫ್ ಮನೆತನದಿಂದ ಬಂದ ಮಾತುಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದು. ಸಭೆ ಅಂಥ ಪಟ್ಟವನ್ನು ಯಾರಿಗೂ ಕೊಡಲಿಲ್ಲ.

ಜನರನ್ನೇ ಕೇಳಿದ ಕಡೆ ಉತ್ತರ ಬೇರೆಬೇರೆ ಬಂದಿದೆ. 1974ರಲ್ಲಿ ಗ್ರೀಸಿನ ಮತದಾರರು ದೊರೆ ಬೇಡವೆಂದರು. ಸ್ಪೇನಿನಲ್ಲಿ 1975ರಲ್ಲಿ ಪಟ್ಟಕ್ಕೆ ಬಂದ ಹುವಾನ್ ಕಾರ್ಲೋಸ್‌ಗೆ ಸರ್ವಾಧಿಕಾರಿ ಫ್ರಾಂಕೊ ಕೊಟ್ಟ ಗದ್ದುಗೆಯನ್ನು 1978ರ ಜನಮತಗಣನೆ ಸಂವಿಧಾನದೊಳಕ್ಕೆ ತಂದಿತು. ಬಾಲ್ಯದಲ್ಲಿ ಬಲ್ಗೇರಿಯಾದ ದೊರೆಯಾಗಿದ್ದ ಸಿಮಿಯೋನ್ 2001ರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾದರು.

ನಮ್ಮಲ್ಲೂ ತೆರೆದಿರುವ ಬಾಗಿಲು ಅದೊಂದೇ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮೈಸೂರಿನಿಂದ ನಾಲ್ಕು ಬಾರಿ ಲೋಕಸಭೆಗೆ ಗೆದ್ದರು. 1991ರಲ್ಲೂ 2004ರಲ್ಲೂ ಅದೇ ಜನ ಅವರನ್ನು ಸೋಲಿಸಿದರು. 2015ರಲ್ಲಿ ಆ ಮನೆತನಕ್ಕೆ ದತ್ತು ಬಂದ ಯದುವೀರರು ಅದೇ ವರ್ಷದ ಮೇ 28ರಂದು ಅರಮನೆಯಲ್ಲಿ ಪಟ್ಟಾಭಿಷಿಕ್ತರಾದರು. ಅದು ಮನೆತನದ ಸಂಸ್ಕಾರ. ದಸರೆಯ ಖಾಸಗಿ ದರ್ಬಾರಿನಂತೆ ಗೌರವಿಸಿ ಉಳಿಸಿಕೊಳ್ಳಬೇಕಾದದ್ದು. ಶಾಸನಾಧಿಕಾರದಲ್ಲಿ ಪಾಲು ಸಿಕ್ಕಿದ್ದು 2024ರಲ್ಲಿ, ಮೈಸೂರು-ಕೊಡಗು ಕ್ಷೇತ್ರದ ಮತಪೆಟ್ಟಿಗೆಯಿಂದ. ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 25,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಉಬ್ರಾಣಿಯ ಅಡಿಕೆ ತೋಟದವರು ದಾವಣಗೆರೆ ಕ್ಷೇತ್ರಕ್ಕೆ ನಿಲ್ಲಬೇಕೆಂದರೂ ತುಂಬಬೇಕಾದದ್ದು ಅದೇ ನಾಮಪತ್ರ.