ವೈಹಾಳಿಯ ಪಾಠ

ಕುದುರೆಯೇರಿ ಓಡಾಡುವ ಬಯಲನ್ನು ನಮ್ಮ ಹಿಂದಿನವರು ವೈಹಾಳಿಯೆಂದು ಕರೆಯುತ್ತಿದ್ದರು. 2021ರ ವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯ ಮಹಾನವಮಿ ದಿಬ್ಬದ ಮೇಲೆ ಕಲ್ಲಿನ ಕುದುರೆಗಳ ಸಾಲನ್ನು ಇಂದಿಗೂ ಕಾಣಬಹುದು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಸನಾದ ನೂನಿಜನು ಬರೆದಿದ್ದಾನೆ. ಇಂಥ ಸೀಮೆಯಲ್ಲಿಯೂ ಮಗನೋ ಮಗಳೋ ಸವಾರಿ ಕಲಿಯುವೆನೆಂದರೆ ತಾಯ್ತಂದೆಗಳು ಬೆಚ್ಚುವರು. ಬೀಳುವ ಭಯವು ಸುಳ್ಳಲ್ಲ. ಆದರೆ ಕ್ರಮವರಿತ ಕಲಿಕೆಯಿಂದ ಅದು ಬಹಳ ಮಟ್ಟಿಗೆ ತಗ್ಗುವುದು.

ಕುದುರೆಯು ಹಿಂಡಿನ ಪ್ರಾಣಿ. ಆದುದರಿಂದ ನಾಲ್ಕಾರು ಮಂದಿ ಒಟ್ಟಿಗೆ ಕಲಿಯುವಾಗ ಪಳಗಿದ ಶಾಂತ ಕುದುರೆಯನ್ನು ಮುಂದೆ ಬಿಡುವರು. ಅದನ್ನು ಕಂಡು ಹಿಂದಿನವು ಧೈರ್ಯ ತಾಳುವುವು. ನಡುವೆ ಒಂದು ಕುದುರೆಯುದ್ದದ ತೆರವಾದರೂ ಇರಬೇಕು. ಒದೆಯುವ ಚಾಳಿಯುಳ್ಳದರ ಬಾಲಕ್ಕೆ ಕೆಂಪು ಪಟ್ಟಿ ಕಟ್ಟುವುದುಂಟು.

ಅಡ್ಡಗಳುಗಳನ್ನು ಮೊದಲು ನೆಲದ ಮೇಲೆಯೇ ಇಡುವರು. ಕುದುರೆಯು ಕಾಲೆತ್ತಿಡುವುದನ್ನೂ ಸವಾರನು ಮೈಯ ತೂಕವನ್ನು ಸರಿದೂಗಿಸುವುದನ್ನೂ ಕಲಿತ ಮೇಲೆಯೇ ಅವುಗಳನ್ನು ಸ್ವಲ್ಪಸ್ವಲ್ಪವಾಗಿ ಏರಿಸುವುದು. ಸವಾರನ ಕಣ್ಣು ಗಳುವಿನ ಮೇಲಲ್ಲ, ಅದರಾಚೆ ಇರಬೇಕು. ಹಾರುವಾಗ ಅಂಜಿ ಲಗಾಮನ್ನು ಜಗ್ಗಿದರೆ ಕುದುರೆಯ ಬಾಯಿ ನೋಯುವುದು. ನೊಂದ ಕುದುರೆಯು ಮರುಸಲ ಗಳುವಿನ ಮುಂದೆ ನಿಂತೇ ಬಿಡುವುದು. ತಪ್ಪು ಸವಾರನದು, ಪೆಟ್ಟು ಕುದುರೆಗೆ! ಹಾಗೆ ಹೊಡೆಯುವ ಗುರುವಿನ ಬಳಿಗೆ ಮಕ್ಕಳನ್ನು ಕಳುಹಿಸಬಾರದೆಂಬುದು ನಮ್ಮ ಮತ.

ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಏಷ್ಯಾ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕ ಗಳಿಸಿದುದು ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾದುದೂ ಅದೇ ಕುದುರೆಯೊಡನೆಯೇ.

ಸೇರಿಸುವ ಮುನ್ನ ಒಂದು ದಿನ ಬೇಲಿಯ ಬಳಿ ನಿಂತು ನೋಡಿರಿ: ಮಕ್ಕಳ ತಲೆಗೆ ಗಟ್ಟಿಯಾದ ಟೊಪ್ಪಿಗೆಯಿದೆಯೆ? ಏರುವ ಮೊದಲು ಗುರುವು ಜೀನಿನ ಪಟ್ಟಿಯನ್ನು ತಾನೇ ಎಳೆದು ನೋಡುವನೆ?