ಹಿರಿಯ ಸದಸ್ಯರ ಠೇವಣಿ ಬಡ್ಡಿ ಮತ್ತು ಆದಾಯ ತೆರಿಗೆ

ಅಡಿಕೆ ಬೆಳೆದು ಮಾರಿದ ಹಣಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಆ ಹಣವನ್ನು ಬ್ಯಾಂಕಿನಲ್ಲಿಟ್ಟು ಪಡೆಯುವ ಬಡ್ಡಿ ಕೃಷಿ ಆದಾಯವಲ್ಲ. 60 ದಾಟಿದವರ ವಾರ್ಷಿಕ ಬಡ್ಡಿ, 2025ರ ಏಪ್ರಿಲಿನಲ್ಲಿ ಏರಿಸಿದ ಮಿತಿಯಾದ 1 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕು ತೆರಿಗೆ ಮುರಿದುಕೊಳ್ಳುತ್ತದೆ. ತೆರಿಗೆಯೇ ತಗಲದವರು ವರ್ಷಾರಂಭದಲ್ಲೇ ಪ್ಯಾನ್ ಸಂಖ್ಯೆಯೊಡನೆ ಘೋಷಣಾ ಪತ್ರ ಕೊಡತಕ್ಕದ್ದು. ಮುರಿದಾಗಿದ್ದರೆ ರಿಟರ್ನ್ ಸಲ್ಲಿಸಿದರೆ ಮಾತ್ರ ಹಣ ಮರಳುತ್ತದೆ.

ಅಮೆರಿಕದಲ್ಲಿ 1978ರ ಕಾಯಿದೆಯಂತೆ, ವೃದ್ಧರಿಗೆ ಈ ನೆರವನ್ನು ಉಚಿತವಾಗಿ ಕೊಡುವ ಸೇವಾಸಂಸ್ಥೆಗಳಿಗೆ ಸರಕಾರ ಅನುದಾನ ನೀಡುತ್ತದೆ. ನಮ್ಮಲ್ಲಿ 2006ರ ಯೋಜನೆ ರಿಟರ್ನ್ ತುಂಬಿಕೊಡುವ ತರಬೇತಾದ ಪದವೀಧರರಿಗೆ ಪ್ರೋತ್ಸಾಹಧನ ಗೊತ್ತುಮಾಡಿತು, ಅದು ಸಂಘಗಳಿಗಲ್ಲ. ಆದ್ದರಿಂದ ಅನುದಾನಕ್ಕೆ ಕಾಯದೆ, ಮುಂಡಗೋಡ ಸುತ್ತಿನ ಹಿರಿಯರು ಠೇವಣಿ ಪಾವತಿ, ಪ್ಯಾನ್ ಕಾರ್ಡಿನೊಂದಿಗೆ ನಮ್ಮ ಕಚೇರಿಗೆ ಬರಬೇಕಾಗಿ ವಿನಂತಿ. ಘೋಷಣಾ ಪತ್ರವನ್ನು ಶುಲ್ಕವಿಲ್ಲದೆ ತುಂಬಿಕೊಡುತ್ತೇವೆ.