ಕಂಪ್ಯೂಟರ್ ಆಟಕ್ಕೆ ಅಂಕ ಹಾಕುವುದೆಂತು?

ಮಲಪ್ರಭಾ ನದಿಯ ದಡದಲ್ಲಿರುವ ಎಂ.ಕೆ. ಹುಬ್ಬಳ್ಳಿ ಕಬ್ಬಿನ ಸೀಮೆಯ ಊರು. ಅಲ್ಲಿಯ ರೈತನಿಗೆ ಎರಡು ಅಂಕೆಗಳು ಬಹು ಮುಖ್ಯವಾದುವು. ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ನಿಂತ ಕಬ್ಬಿನ ತೂಕವೊಂದು. ನೂರು ಕಿಲೋಗ್ರಾಂ ಕಬ್ಬಿನಿಂದ ಎಷ್ಟು ಕಿಲೋಗ್ರಾಂ ಸಕ್ಕರೆ ಬಂದಿತೆಂಬ ಇಳುವರಿ ಇನ್ನೊಂದು. ೨೦೨೨-೨೩ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇಕಡ ೧೦.೨೫ರ ಇಳುವರಿಗೆ ಕ್ವಿಂಟಾಲಿಗೆ ೩೦೫ ರೂಪಾಯಿಯ ದರವನ್ನು ಗೊತ್ತುಮಾಡಿ, ಅದಕ್ಕಿಂತ ಹೆಚ್ಚಾದ ಪ್ರತಿ ೦.೧ಕ್ಕೆ ೩ ರೂಪಾಯಿ ೫ ಪೈಸೆ ಹೆಚ್ಚಾಗಿ ಕೊಡಬೇಕೆಂದು ವಿಧಿಸಿತು. ದಶಮಾಂಶದ ಒಂದು ಸ್ಥಾನದಲ್ಲಿ ಒಂದು ಸಂಸಾರದ ವರ್ಷದ ಲೆಕ್ಕ ಅಡಗಿರುತ್ತದೆ. ಆದರೂ ಈ ಅಂಕೆಯ ವಿಷಯದಲ್ಲಿ ಒಂದು ಸಮಾಧಾನವುಂಟು: ಸಂದೇಹ ಬಂದರೆ ಮತ್ತೊಮ್ಮೆ ತೂಗಬಹುದು, ಮತ್ತೊಮ್ಮೆ ಪರೀಕ್ಷಿಸಬಹುದು.

ಇದೇ ಊರಿನ ಪಕ್ಕದಲ್ಲಿ ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಹಾಯ್ದಿದೆ. ಆ ಹೆದ್ದಾರಿಯ ಎರಡು ಕೊನೆಗಳಲ್ಲಿಯೂ ಬೇರೊಂದು ಬಗೆಯ ಬೆಳೆ ಬೆಳೆಯುತ್ತಿದೆ. ಅದು ಕಂಪ್ಯೂಟರ್ ಆಟಗಳ ಬೆಳೆ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ೧೯೯೭ರಲ್ಲಿಯೇ ಈ ಉದ್ಯಮವನ್ನು ಆರಂಭಿಸಿತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ ೨೦೨೦ರಲ್ಲಿ ‘ರಾಜಿ’ ಎಂಬ ಆಟವನ್ನು ಹೊರತಂದಿತು. ಈ ಬೆಳೆಯ ಭಾಗ್ಯವನ್ನೂ ಅನೇಕ ವೇಳೆ ಒಂದು ಅಂಕೆಯೇ ನಿರ್ಧರಿಸುತ್ತದೆ. ಆ ಅಂಕೆಯನ್ನು ಯಾರು ಕೊಡುತ್ತಾರೆ? ಹೇಗೆ ಕೊಡುತ್ತಾರೆ? ಅದು ಕಾಟಾದ ಅಂಕೆಯಂತೆ ನಿಜವಾದ ಅಳತೆಯೇ? ಇದನ್ನು ಇಲ್ಲಿ ವಿಚಾರ ಮಾಡೋಣ.

ವಿಮರ್ಶಕನ ಕೆಲಸ

ಆಟವು ಮಾರಾಟಕ್ಕೆ ಬರುವುದಕ್ಕೆ ಮೊದಲೇ ಅದರ ಪ್ರತಿಯೊಂದನ್ನು ಪ್ರಕಾಶಕರು ವಿಮರ್ಶಕನಿಗೆ ಕಳುಹಿಸುವುದು ವಾಡಿಕೆ. ಇಂಥ ದಿನಕ್ಕೆ ಮುಂಚೆ ಅಭಿಪ್ರಾಯವನ್ನು ಪ್ರಕಟಿಸಕೂಡದೆಂಬ ಕರಾರೂ ಸಾಮಾನ್ಯವಾಗಿ ಇರುತ್ತದೆ. ಆ ಅವಧಿಯೊಳಗೆ ಅವನು ಹತ್ತಾರು ಗಂಟೆ ಆಡಿ, ಟಿಪ್ಪಣಿ ಮಾಡಿಕೊಂಡು ಬರೆಯಬೇಕು. ಅವನು ಗಮನಿಸುವ ಸಂಗತಿಗಳು ಎರಡು ಬಗೆಯವು. ಪರದೆಯ ಮೇಲೆ ಸೆಕೆಂಡಿಗೆ ೩೦ ಚಿತ್ರಗಳು ಮೂಡುವುವೋ ೬೦ ಚಿತ್ರಗಳೋ, ಆಟ ಆರಂಭವಾಗಲು ಎಷ್ಟು ಸೆಕೆಂಡು ಕಾಯಬೇಕು, ನಡುವೆ ಎಷ್ಟು ಸಲ ನಿಂತುಹೋಯಿತು ಎಂಬಿವು ಮೊದಲನೆಯ ಬಗೆ. ಇವು ಕಬ್ಬಿನ ತೂಕದಂತೆ. ಗಡಿಯಾರವುಳ್ಳ ಯಾರಾದರೂ ಎಣಿಸಿ ನೋಡಬಹುದು. ಕಥೆ ಮನಸ್ಸನ್ನು ಹಿಡಿಯಿತೆ, ಸಂಗೀತ ಸಂದರ್ಭಕ್ಕೆ ಒಪ್ಪಿತೆ, ಸೋತಾಗ ಮತ್ತೆ ಆಡುವ ಹುಮ್ಮಸ್ಸು ಬಂದಿತೆ ಎಂಬಿವು ಎರಡನೆಯ ಬಗೆ. ಇವುಗಳನ್ನು ಅಳೆಯಲು ಆಡಿದವನ ಮನಸ್ಸಲ್ಲದೆ ಬೇರೆ ಉಪಕರಣವಿಲ್ಲ.

ಎರಡು ಬಗೆಯ ಸಂಗತಿಗಳನ್ನೂ ಬೆರೆಸಿ ಕೊನೆಗೆ ಒಂದೇ ಅಂಕವಾಗಿ ಮಾಡುವುದರಲ್ಲಿಯೇ ತೊಡಕು ಇರುವುದು. ೧೯೮೦ರ ದಶಕದ ಬ್ರಿಟಿಷ್ ಪತ್ರಿಕೆಗಳು ಚಿತ್ರಕ್ಕೆ ಇಷ್ಟು, ಶಬ್ದಕ್ಕೆ ಇಷ್ಟು ಎಂದು ಬಿಡಿಬಿಡಿಯಾಗಿ ಶೇಕಡಾವಾರು ಅಂಕಗಳನ್ನು ಹಾಕುತ್ತಿದ್ದುವು. ಜಪಾನಿನ ‘ಫಾಮಿತ್ಸು’ ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರು ಹತ್ತು ಹತ್ತರಲ್ಲಿ ಅಂಕ ಕೊಟ್ಟು ನಲವತ್ತಕ್ಕೆ ಕೂಡಿಸುವರು. ಅಲ್ಲಿ ಪೂರ್ಣಾಂಕವನ್ನು ಮೊಟ್ಟಮೊದಲು ಪಡೆದುದು ೧೯೯೮ರ ‘ಆಕರಿನಾ ಆಫ್ ಟೈಮ್’ ಎಂಬ ಆಟ. ಕೆಲವರು ಐದು ನಕ್ಷತ್ರಗಳನ್ನು ಇಡುತ್ತಾರೆ. ಕೆಲವರು ಅಂಕವನ್ನೇ ಇಡುವುದಿಲ್ಲ.

ಗೀಚಿದರೆ ತಿಳಿಯುವ ಗಡಸುತನ

ಇಂಥ ಅಂಕಗಳ ಸ್ವಭಾವವನ್ನು ತಿಳಿಯಲು ವಿದ್ಯಾರ್ಥಿಗಳಿಗೆ ಪರಿಚಿತವಾದ ಮೋಸ್ ಮಾನವು ಸಹಾಯಕವಾದೀತು. ೧೮೧೨ರಲ್ಲಿ ಜರ್ಮನಿಯ ಫ್ರೀಡ್ರಿಶ್ ಮೋಸ್ ಎಂಬ ಖನಿಜವಿಜ್ಞಾನಿಯು ಖನಿಜಗಳನ್ನು ಗಡಸುತನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದನು. ಯಾವುದು ಯಾವುದನ್ನು ಗೀಚಬಲ್ಲುದು ಎಂಬುದೊಂದೇ ಅವನ ಪರೀಕ್ಷೆ. ಬಳಪದ ಕಲ್ಲಿಗೆ ೧, ಕುರುಂದಕ್ಕೆ ೯, ವಜ್ರಕ್ಕೆ ೧೦. ಹಾಗಾದರೆ ವಜ್ರವು ಕುರುಂದಕ್ಕಿಂತ ಒಂದು ಪಾಲು ಮಾತ್ರ ಹೆಚ್ಚು ಗಡಸೇ? ಅಲ್ಲ. ಉಪಕರಣದಿಂದ ಅಳೆದರೆ ವಜ್ರವು ಸುಮಾರು ನಾಲ್ಕು ಪಟ್ಟು ಗಡಸಾಗಿರುವುದು ಕಂಡುಬರುತ್ತದೆ. ಮೋಸನ ಅಂಕೆಗಳು ಸಾಲಿನಲ್ಲಿ ನಿಂತವರ ಸ್ಥಾನವನ್ನು ಹೇಳುತ್ತವೆಯೇ ಹೊರತು ಒಬ್ಬನಿಂದ ಇನ್ನೊಬ್ಬನಿಗೆ ಇರುವ ದೂರವನ್ನು ಹೇಳುವುದಿಲ್ಲ.

ವಿಮರ್ಶಕನ ಅಂಕವೂ ಇದೇ ಜಾತಿಯದು. ಒಂಬತ್ತು ಅಂಕದ ಆಟವು ಎಂಟು ಅಂಕದ ಆಟಕ್ಕಿಂತ ಅವನಿಗೆ ಹೆಚ್ಚು ಹಿಡಿಸಿತೆಂಬುದಷ್ಟೇ ಅದರ ಅರ್ಥ. ಎಷ್ಟು ಹೆಚ್ಚು ಎಂದು ಕೇಳಿದರೆ ಅದಕ್ಕೆ ಕಿಲೋಗ್ರಾಂ, ಮೀಟರುಗಳಂತಹ ಮಾನವೇ ಇಲ್ಲ. ಉತ್ತರಪತ್ರಿಕೆಗಳನ್ನು ತಿದ್ದುವಾಗ ನಮ್ಮ ಕೈಯಲ್ಲಿ ಮಾದರಿ ಉತ್ತರವಾದರೂ ಇರುತ್ತದೆ. ಆಟಕ್ಕೆ ಮಾದರಿ ಉತ್ತರವೆಲ್ಲಿಯದು?

ಸರಾಸರಿಯ ಮಾಯೆ

೨೦೦೧ರಲ್ಲಿ ಅಮೆರಿಕದಲ್ಲಿ ಮೆಟಾಕ್ರಿಟಿಕ್ ಎಂಬ ಸಂಸ್ಥೆ ಆರಂಭವಾಯಿತು. ಬೇರೆ ಬೇರೆ ವಿಮರ್ಶಕರ ಅಂಕಗಳನ್ನು ಕಲೆಹಾಕಿ ನೂರಕ್ಕೆ ಇಳಿಸಿ ಸರಾಸರಿ ತೆಗೆಯುವುದು ಅದರ ಕೆಲಸ. ಐದರಲ್ಲಿ ನಾಲ್ಕು ನಕ್ಷತ್ರವಿದ್ದರೆ ೮೦. ಅಕ್ಷರದ ದರ್ಜೆಯಲ್ಲಿ ‘ಬಿ’ ಇದ್ದರೆ ೭೫. ಎಲ್ಲ ವಿಮರ್ಶಕರಿಗೂ ಒಂದೇ ತೂಕವಿಲ್ಲ. ಕೆಲವರ ಮಾತಿಗೆ ಹೆಚ್ಚು ತೂಕ. ಯಾರಿಗೆ ಎಷ್ಟು ಎಂಬುದನ್ನು ಸಂಸ್ಥೆ ಬಹಿರಂಗಪಡಿಸುವುದಿಲ್ಲ. ಹೀಗೆ ಬಂದ ಅಂಕವು ೭೫ ಅಥವಾ ಅದಕ್ಕೆ ಮೇಲಿದ್ದರೆ ಹಸಿರು, ೫೦ರಿಂದ ೭೪ರವರೆಗೆ ಹಳದಿ, ಕೆಳಗಿದ್ದರೆ ಕೆಂಪು.

ಸರಾಸರಿಯು ಏನನ್ನು ಮುಚ್ಚಿಡುತ್ತದೆಂಬುದನ್ನು ನೋಡಿರಿ. ಒಂದು ಆಟಕ್ಕೆ ಐವರು ವಿಮರ್ಶಕರು ೬೮, ೭೦, ೭೦, ೭೦, ೭೨ ಎಂದು ಕೊಟ್ಟರೆನ್ನೋಣ. ಇನ್ನೊಂದಕ್ಕೆ ೧೦೦, ೯೫, ೯೦, ೪೦, ೨೫ ಎಂದು ಕೊಟ್ಟರೆನ್ನೋಣ. ಎರಡರ ಸರಾಸರಿಯೂ ೭೦. ಆದರೆ ಮೊದಲನೆಯದು ಎಲ್ಲರಿಗೂ ಸಾಧಾರಣವೆನಿಸಿದ ಆಟ. ಎರಡನೆಯದು ಮೂವರಿಗೆ ಅಮೃತವಾಗಿ ಇಬ್ಬರಿಗೆ ಬೇವಾದ ಆಟ. ಪುಣೆಯ ‘ರಾಜಿ’ಯ ವಿಷಯವನ್ನೇ ತೆಗೆದುಕೊಳ್ಳೋಣ. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆ ಅದು. ಅದರ ಚಿತ್ರಶೋಭೆಯನ್ನೂ ಪುರಾಣಲೋಕವನ್ನೂ ಅನೇಕ ವಿಮರ್ಶಕರು ಹೊಗಳಿದರು; ಕಾಳಗದ ಭಾಗ ಇನ್ನೂ ನಯವಾಗಬೇಕಿತ್ತೆಂದೂ ಆಟ ಬೇಗನೆ ಮುಗಿಯುತ್ತದೆಂದೂ ಹೇಳಿದರು. ಈ ಎರಡು ಮಾತುಗಳಲ್ಲಿ ಓದುಗನಿಗೆ ಎಷ್ಟು ತಿಳಿಯಿತೋ ಅಷ್ಟನ್ನು ಯಾವ ಒಂದು ಅಂಕವೂ ತಿಳಿಸಲಾರದು.

ಒಂದು ಅಂಕದ ಬೆಲೆ

ಇದು ಬರಿಯ ತರ್ಕದ ಮಾತಲ್ಲ. ೨೦೧೦ರಲ್ಲಿ ಅಮೆರಿಕದ ಆಬ್ಸಿಡಿಯನ್ ಎಂಬ ಸಂಸ್ಥೆಯು ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟವನ್ನು ನಿರ್ಮಿಸಿತು. ಮೆಟಾಕ್ರಿಟಿಕ್‌ನಲ್ಲಿ ೮೫ ಬಂದರೆ ಪ್ರಕಾಶಕರು ಬೋನಸ್ ಕೊಡುವುದೆಂದು ಒಪ್ಪಂದವಿದ್ದಿತು, ಬಂದುದು ೮೪. ಬೋನಸ್ ದೊರೆಯಲಿಲ್ಲವೆಂದು ಆ ಸಂಸ್ಥೆಯ ಕ್ರಿಸ್ ಆವೆಲೋನ್ ೨೦೧೨ರಲ್ಲಿ ತಿಳಿಸಿದರು.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಈ ಒಂದು ಅಂಕವನ್ನು ಹೇಗೆ ಕಾಣುವರು? ೬೪ ವಿಮರ್ಶಕರಿದ್ದು ಅವರ ಅಂಕಗಳ ಪ್ರಮಾಣ ವಿಚಲನೆ ೮ ಎಂದು ಇಟ್ಟುಕೊಳ್ಳಿರಿ. ಅದನ್ನು ೬೪ರ ವರ್ಗಮೂಲದಿಂದ, ಎಂದರೆ ೮ರಿಂದ, ಭಾಗಿಸಿದರೆ ಸರಾಸರಿಯಲ್ಲಿರುವ ಅನಿಶ್ಚಿತತೆ ೧ ಎಂದು ಬರುತ್ತದೆ. ಆಗ ೮೪ ಎಂದು ಬರೆಯುವುದು ಸಲ್ಲದು. ೮೪, ಹೆಚ್ಚುಕಡಿಮೆ ೧ ಎಂದೇ ಬರೆಯಬೇಕು. ಬೇರೆ ೬೪ ಮಂದಿ ಆಡಿದ್ದರೆ ೮೫ ಬರುವುದು ಏನೂ ಆಶ್ಚರ್ಯವಲ್ಲ. ಕಬ್ಬಿನ ಇಳುವರಿಯ ದಶಮಾಂಶಕ್ಕೆ ಹಣ ಕೊಡುವುದು ನ್ಯಾಯ. ಏಕೆಂದರೆ ಅದರ ಹಿಂದೆ ತೂಗಿದ ಸಕ್ಕರೆಯಿದೆ. ಈ ಒಂದು ಅಂಕದ ಹಿಂದೆ ಅಂತಹುದೇನೂ ಇಲ್ಲ.

ಯಾವ ಯಂತ್ರದಲ್ಲಿ ಪರೀಕ್ಷೆ ನಡೆಯಿತೆಂಬುದೂ ಮುಖ್ಯ. ೨೦೨೦ರ ಡಿಸೆಂಬರಿನಲ್ಲಿ ಪೋಲೆಂಡಿನ ‘ಸೈಬರ್‌ಪಂಕ್ ೨೦೭೭’ ಹೊರಬಂದಾಗ ವಿಮರ್ಶಕರಿಗೆ ಮೊದಲು ದೊರೆತುದು ಕಂಪ್ಯೂಟರಿನ ಪ್ರತಿ. ಅವರ ಹೊಗಳಿಕೆಯನ್ನು ನಂಬಿ ಹಳೆಯ ಪ್ಲೇಸ್ಟೇಷನ್ನಿಗಾಗಿ ಕೊಂಡವರ ಕೈಗೆ ಬಂದುದು ಮುಗ್ಗರಿಸುವ ಆಟ. ಅದೇ ತಿಂಗಳು ಸೋನಿ ಸಂಸ್ಥೆ ಅದರ ಮಾರಾಟವನ್ನು ತಡೆಹಿಡಿಯಬೇಕಾಯಿತು.

ವಿಮರ್ಶಕರನ್ನು ಬಿಟ್ಟು ಜನರನ್ನೇ ಕೇಳಿದರಾಗದೆ ಎಂದು ಕೆಲವರು ಕೇಳಬಹುದು. ೨೦೨೦ರ ಜೂನ್‌ನಲ್ಲಿ ಬಂದ ‘ದ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗಕ್ಕೆ ವಿಮರ್ಶಕರ ಸರಾಸರಿ ೯೩. ಮೊದಲ ದಿನಗಳಲ್ಲಿ ಜನರ ಸರಾಸರಿ ಹತ್ತಕ್ಕೆ ನಾಲ್ಕನ್ನೂ ಮುಟ್ಟಲಿಲ್ಲ. ಇಪ್ಪತ್ತು ಗಂಟೆಗೂ ಮೀರಿದ ಆಟಕ್ಕೆ ಕೆಲವೇ ಗಂಟೆಗಳಲ್ಲಿ ಸಾವಿರಾರು ಅಂಕಗಳು ಬಂದು ಬಿದ್ದಿದ್ದುವು! ಮರುತಿಂಗಳು ಮೆಟಾಕ್ರಿಟಿಕ್, ಆಟ ಹೊರಬಂದ ೩೬ ಗಂಟೆಗಳವರೆಗೆ ಯಾರೂ ಅಂಕ ಹಾಕಕೂಡದೆಂದು ನಿಯಮ ಮಾಡಿತು.

ಹಾಗೆಂದು ಅಂಕವು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ನೂರು ಆಟಗಳ ರಾಶಿಯಲ್ಲಿ ಯಾವುದನ್ನು ಮೊದಲು ನೋಡಬೇಕೆಂದು ಅದು ದಾರಿ ತೋರಿಸುತ್ತದೆ. ೪೦ಕ್ಕೂ ೯೦ಕ್ಕೂ ಇರುವ ಅಂತರ ಬಹುಮಟ್ಟಿಗೆ ನಿಜವೇ; ೮೪ಕ್ಕೂ ೮೫ಕ್ಕೂ ಇರುವ ಅಂತರವನ್ನು ನಂಬಬಾರದು. ಕೂಡಿಟ್ಟ ಹಣದಿಂದ ಆಟವೊಂದನ್ನು ಕೊಳ್ಳಹೊರಟ ವಿದ್ಯಾರ್ಥಿಯು ಅಂಕವನ್ನು ನೋಡಿ ಅಲ್ಲಿಗೆ ನಿಲ್ಲದೆ ಮೂರು ಪ್ರಶ್ನೆಗಳನ್ನು ಕೇಳಲಿ: ಎಷ್ಟು ಮಂದಿ ಕೊಟ್ಟ ಅಂಕವಿದು? ಅವರೊಳಗೆ ಒಮ್ಮತವಿತ್ತೆ? ಅವರು ಆಡಿದುದು ನನ್ನಲ್ಲಿರುವಂತಹ ಯಂತ್ರದಲ್ಲಿಯೇ? ಅನಂತರ ಹೊಗಳಿದವನ ವಿಮರ್ಶೆಯೊಂದನ್ನೂ ತೆಗಳಿದವನ ವಿಮರ್ಶೆಯೊಂದನ್ನೂ ಪೂರ್ಣವಾಗಿ ಓದಲಿ.

ಯಾವ ಅಂಕೆಯನ್ನು ಕಂಡರೂ ಅದರ ಹಿಂದೆ ತಕ್ಕಡಿಯಿದೆಯೇ, ಬರಿಯ ಅಭಿಪ್ರಾಯವಿದೆಯೇ ಎಂದು ಕೇಳುವ ಅಭ್ಯಾಸವೇ ವಿಜ್ಞಾನದ ಮೊದಲ ಪಾಠ.